ಲೆಕ್ಕಕ್ಕೆ ಎರಡು ಕಡಿಮೆ

ಮನುಷ್ಯನಿಗೆ ನಲವತ್ತಾರು ಕ್ರೋಮೋಸೋಮು ಎಂದು ಹೊಳೆನರಸೀಪುರದ ನಮ್ಮ ಪಿಯು ಕಾಲೇಜಿನಲ್ಲಿ ವರ್ಷ ವರ್ಷವೂ ಹೇಳಿ ಹೇಳಿ ನನ್ನ ನಾಲಿಗೆ ಸವೆದಿದೆ. ಅವು ಜೋಡಿ ಜೋಡಿಯಾಗಿ ಇರುತ್ತವೆ. ಅಂಡಾಣು, ವೀರ್ಯಾಣು ತಯಾರಾಗುವಾಗ ಮಾತ್ರ ಜೋಡಿ ಬಿಟ್ಟು ಅರ್ಧಕ್ಕೆ ಇಳಿಯುತ್ತವೆ. ಅಪ್ಪನ ಇಪ್ಪತ್ತಮೂರು, ಅಮ್ಮನ ಇಪ್ಪತ್ತಮೂರು ಸೇರಿದರೆ ಮತ್ತೆ ನಲವತ್ತಾರು. ಈ ಅರ್ಧ ಮಾಡುವ ಕೆಲಸಕ್ಕೆ ಮಿಯಾಸಿಸ್ ಎಂದು ಹೆಸರು. ಪರೀಕ್ಷೆಗೆ ಬಂದೇ ಬರುತ್ತದೆ ಎಂದು ಬಡಕೊಂಡರೂ ಅರ್ಧ ಕ್ಲಾಸು ತಪ್ಪು ಬರೆಯುತ್ತದೆ. ನನಗೆ ಮೈಯೆಲ್ಲ ಉರಿಯುತ್ತದೆ.

ಆ ಮಂಗಳವಾರ ಬೋರ್ಡಿನ ಮೇಲೆ ಇದನ್ನೇ ಬಿಡಿಸುತ್ತಿದ್ದೆ. ಮುಂದಿನ ಬೆಂಚಿನ ಸಿಂಧು ಕೈ ಎತ್ತಿ, "ಮೇಡಂ, ಜೋಡಿ ಸರಿಯಾಗಿ ಪಾಲಾಗದೇ ಹೋದ್ರೆ ಏನಾಗುತ್ತೆ?" ಎಂದು ಕೇಳಿದಳು.

"ಮುಂದಿನ ಪಾಠದಲ್ಲಿ ಬರುತ್ತೆ, ಕೂತ್ಕೋ," ಎಂದು ಗದರಿದೆ.

ಪಾಪ, ಒಳ್ಳೆಯ ಪ್ರಶ್ನೆಯನ್ನೇ ಕೇಳಿದ್ದಳು. ಏನಾಗುತ್ತದೆ ಎಂಬುದು ನನ್ನ ಮೈಗೇ ಗೊತ್ತಿತ್ತು. ಮದುವೆಯಾದಾಗಿನಿಂದ ಬಸುರಾಗುವುದು, ಮೂರು ತಿಂಗಳು ತುಂಬುವುದರೊಳಗೆ ಕಳೆದುಕೊಳ್ಳುವುದು, ಇದೇ ಆಗಿತ್ತು. ಈ ಸಲದ್ದು ಮಾತ್ರ ನಾಲ್ಕು ದಾಟಿ ಐದಕ್ಕೆ ಬಿದ್ದಿತ್ತು. ಹೊಟ್ಟೆಗೆ ಸೂಜಿ ಹಾಕಿ ನೀರು ತೆಗೆದು, ಕೂಸಿನ ಕ್ರೋಮೋಸೋಮು ಎಣಿಸಲು ಕಳಿಸಿದ್ದರು. ರಿಪೋರ್ಟಿಗೆ ಕಾದು ಕಾದು ನಾನು ಸಿಡುಕಿಯಾಗಿದ್ದೆ. ಮೊದಲೇನೋ ಬಹಳ ಸಾಧುವಾಗಿದ್ದೆ ಎಂದಲ್ಲ.

ಕ್ಲಾಸು ಮುಗಿಸಿ ಸ್ಟಾಫ್ ರೂಮಿಗೆ ಬರುವಷ್ಟರಲ್ಲಿ ಹಾಸನದ ಕ್ಲಿನಿಕ್ಕಿನಿಂದ ಫೋನು ಬಂತು. "ಮೇಡಂ, ನಿಮ್ಮ ರಿಪೋರ್ಟ್ ಬಂದಿದೆ. ನಲವತ್ತನಾಲ್ಕು ಅಂತಿದೆ. ನಾಳೆ ಯಜಮಾನ್ರನ್ನ ಕರ್ಕೊಂಡು ಬನ್ನಿ ಅಂದ್ರು ಡಾಕ್ಟ್ರು." ಆ ಹುಡುಗಿ ತರಕಾರಿ ರೇಟು ಹೇಳಿದ ಹಾಗೆ ಹೇಳಿ ಫೋನಿಟ್ಟಳು.

ನಲವತ್ತನಾಲ್ಕು. ಎರಡು ಕಡಿಮೆ.

ಒಂದು ಕಡಿಮೆ ಬಂದಿದ್ದರೆ ನಾನು ಹೆದರುತ್ತಿರಲಿಲ್ಲ. ನನ್ನ ಮೈಯಲ್ಲೇ ಒಂದು ಕಡಿಮೆ. ಹದಿಮೂರನೆಯದೂ ಹದಿನಾಲ್ಕನೆಯದೂ ಒಂದಕ್ಕೊಂದು ಅಂಟಿಕೊಂಡು ಒಂದೇ ಆಗಿವೆ, ಹಾಗಾಗಿ ನನ್ನದು ನಲವತ್ತೈದು. ಇದು ಗೊತ್ತಾದದ್ದೇ ಹೋದ ವರ್ಷ. ನನಗದರಿಂದ ಏನೂ ತೊಂದರೆಯಿಲ್ಲ, ಇರಬೇಕಾದದ್ದೆಲ್ಲ ಇದೆ. ತೊಂದರೆ ಬರುವುದು ಅರ್ಧ ಮಾಡುವಾಗ. ಅಂಟಿದ್ದು ಒಂದು, ಬಿಡಿ ಹದಿಮೂರು ಒಂದು, ಬಿಡಿ ಹದಿನಾಲ್ಕು ಒಂದು, ಈ ಮೂರನ್ನು ಎರಡು ಪಾಲು ಮಾಡಬೇಕು. ಅಂಟಿದ್ದು ಒಂದು ಕಡೆ, ಬಿಡಿ ಎರಡೂ ಇನ್ನೊಂದು ಕಡೆ ಹೋದರೆ ಸರಿ. ತಪ್ಪಿದರೆ ಕೂಸಿಗೆ ಒಂದು ಹೆಚ್ಚು ಬೀಳುತ್ತದೆ, ಇಲ್ಲವೇ ಒಂದು ಇಲ್ಲವಾಗುತ್ತದೆ. ಅಂಥದ್ದು ನಿಲ್ಲುವುದಿಲ್ಲ. ಈಗ ನಲವತ್ತನಾಲ್ಕು ಎಂದರೆ, ಒಂದು ಕಡಿಮೆಗೆ ನಾನು ಹೊಣೆ, ಇನ್ನೊಂದು ಎಲ್ಲಿ ಹೋಯಿತು?

ಪಾಠ ಮಾಡುವವಳಿಗೆ ಉತ್ತರ ಆಗಲೇ ಹೊಳೆಯಬೇಕಿತ್ತು. ಹೊಳೆಯಲಿಲ್ಲ. ಭಯ ಬಂದಾಗ ಓದಿದ್ದೆಲ್ಲ ಎದ್ದು ಹೊರಗೆ ಹೋಗಿಬಿಡುತ್ತದೆ. ಹೊಟ್ಟೆಯೊಳಗೆ ಕೂಸು ಎರಡು ದಿನದಿಂದ ಮಿಸುಕಾಡಲು ಶುರುಮಾಡಿತ್ತು, ನನಗೆ ಅದೊಂದೇ ತಲೆಯಲ್ಲಿ.

ಇಲ್ಲಿ ನಮ್ಮ ಮನೆಯ ವಿಷಯ ಹೇಳಬೇಕು. ನನ್ನ ಗಂಡ ಗಿರಿಧರ ನನ್ನ ಅಮ್ಮನ ಒಡಹುಟ್ಟಿದ ತಮ್ಮ. ಸೋದರಮಾವನನ್ನು ಮದುವೆಯಾಗುವುದು ನಮ್ಮ ಕಡೆ ಹೊಸದಲ್ಲ. ನಾನು ತೊಟ್ಟಿಲಲ್ಲಿದ್ದಾಗಲೇ ಅಮ್ಮ "ಇವಳು ಗಿರಿಗೆ" ಎಂದು ತೀರ್ಮಾನ ಮಾಡಿಬಿಟ್ಟಿದ್ದಳು. ದೊಡ್ಡವಳಾದ ಮೇಲೆ ನನಗೂ ಬೇರೆ ಯಾರೂ ಬೇಡವಾಗಿತ್ತು, ಅದು ಬೇರೆ ಮಾತು. ಅವನನ್ನು ಇವತ್ತಿಗೂ ಮಾವ ಎಂದೇ ಕರೆಯುತ್ತೇನೆ, ಅದೂ ಏಕವಚನದಲ್ಲಿ. ಅವನಿಗೆ ನನ್ನ ಅಮ್ಮ ಅಕ್ಕ. ಅಜ್ಜಿ ಹೋದ ಮೇಲೆ ನಮ್ಮಿಬ್ಬರನ್ನೂ ಬೈಯುವ ಅಧಿಕಾರ ಅಮ್ಮನೊಬ್ಬಳದೇ.

ಮೊದಲ ಕೂಸು ಹೋದಾಗ ಒಂದು ಆಸ್ಪತ್ರೆಯಲ್ಲಿ ಹಿರಿಯ ಡಾಕ್ಟರೊಬ್ಬರು ವಾರ್ಡಿಗೆಲ್ಲ ಕೇಳುವಂತೆ, "ಬಯಾಲಜಿ ಪಾಠ ಮಾಡ್ತೀರಿ, ಸ್ವಂತ ಮಾವನ್ನ ಮದುವೆ ಆಗಿದ್ದೀರಿ, ನಾಚ್ಕೆ ಆಗಲ್ವೇನ್ರೀ?" ಎಂದಿದ್ದರು. ನಾನು ಮಂಚದ ಮೇಲೆ ಗೋಡೆಯ ಕಡೆ ತಿರುಗಿ ಮಲಗಿದೆ. ಬಾಗಿಲ ಹತ್ತಿರ ಫ್ಲಾಸ್ಕು ಹಿಡಿದು ನಿಂತಿದ್ದ ಅಮ್ಮನ ಮುಖ ಕಪ್ಪಿಟ್ಟಿತ್ತು. ಅಂದಿನಿಂದ ಯಾವ ಡಾಕ್ಟರು "ಸಂಬಂಧದಲ್ಲಿ ಮದುವೆನಾ?" ಎಂದು ಕೇಳಿದರೂ, ನಾವು ಬಾಯಿ ತೆರೆಯುವ ಮೊದಲೇ ಅಮ್ಮ "ಇಲ್ಲ ಡಾಕ್ಟ್ರೆ, ಹೊರಗಿನವರು" ಎಂದುಬಿಡುತ್ತಿದ್ದಳು. ಹೋದ ವರ್ಷ ನನ್ನ ನಲವತ್ತೈದು ಹೊರಬಿದ್ದ ಮೇಲೆ ಮಾವನೂ ರಕ್ತ ಕೊಡಬೇಕಿತ್ತು. ಅವನು ಅರಕಲಗೂಡಿನಲ್ಲಿ ಸರ್ವೆಯರ್. ಅಣ್ಣತಮ್ಮಂದಿರ ಜಮೀನು ಅಳೆದು ಪಾಲು ಮಾಡುವ ಪೋಡಿ ಕೆಲಸ ಇದೆ ಎಂದು ಅವತ್ತು ತಪ್ಪಿಸಿಕೊಂಡ. ಸೂಜಿ ಕಂಡರೆ ಅವನಿಗೆ ಆಗುವುದಿಲ್ಲ. "ಗೌರಿದು ಸಿಕ್ಕಿತಲ್ಲ, ಇನ್ಯಾಕೆ," ಎಂದಳು ಅಮ್ಮ. ಅಲ್ಲಿಗೆ ಬಿಟ್ಟೆವು.

ಅಮ್ಮ, ಅಂದರೆ ಕಾವೇರಮ್ಮ, ನಾನು ಬಸುರಾದ ಮೇಲೆ ಚನ್ನರಾಯಪಟ್ಟಣದಿಂದ ಬಂದು ನಮ್ಮ ಜೊತೆ ಇದ್ದಳು. ಅಪ್ಪ ಅಲ್ಲಿಯ ದೇವಸ್ಥಾನದ ಪೂಜೆ ಬಿಟ್ಟು ಎಲ್ಲಿಗೂ ಬರುವವರಲ್ಲ. ಅಮ್ಮನಿಗೂ ನನ್ನ ಹಿಂದೆ ಮುಂದೆ ಕೂಸುಗಳು ಹೋಗಿ, ಉಳಿದದ್ದು ನಾನೊಬ್ಬಳು. ಅಜ್ಜಿಯ ಪಾಡೂ ಅದೇ. ಅಮ್ಮನಿಗೂ ಮಾವನಿಗೂ ಹದಿನೈದು ವರ್ಷದ ಅಂತರ, ನಡುವೆ ಹುಟ್ಟಬೇಕಾದವು ಒಂದೂ ನಿಲ್ಲಲಿಲ್ಲ. ಊರಲ್ಲಿ ಯಾರ ಸೀಮಂತಕ್ಕೆ ಕರೆದರೂ ಅಮ್ಮ ತಪ್ಪಿಸುವುದಿಲ್ಲ, ಆದರೆ ಹಜಾರಕ್ಕೆ ಮಾತ್ರ ಕಾಲಿಡುವುದಿಲ್ಲ. ಪಾಯಸ ತಳ ಹತ್ತುತ್ತದೆ ಎಂದು ಒಲೆಯ ಮುಂದೆ ನಿಂತುಬಿಡುತ್ತಾಳೆ. ಕೂಸು ಕಳೆದುಕೊಂಡವಳ ಕೈಯ ಆರತಿ ಬಸುರಿಗೆ ಬೇಡ ಎಂದು ಯಾರೂ ಬಾಯಿಬಿಟ್ಟು ಹೇಳಿದ್ದಿಲ್ಲ. ಹೇಳುವ ಪ್ರಮೇಯ ಬಾರದ ಹಾಗೆ ಅಮ್ಮನೇ ನೋಡಿಕೊಂಡಿದ್ದಾಳೆ.

ಮರುದಿನ ಮೂವರೂ ಕಾರಿನಲ್ಲಿ ಹಾಸನಕ್ಕೆ ಹೊರಟೆವು. ಮಾವ ಎದುರಿಗೆ ಬಂದ ಪ್ರತಿ ಟ್ರ್ಯಾಕ್ಟರಿಗೂ ಹಾರ್ನ್ ಹೊಡೆಯುತ್ತಿದ್ದ. ನಾನು ಕಿಟಕಿ ಇಳಿಸುವುದು, ಏರಿಸುವುದು ಮಾಡುತ್ತಿದ್ದೆ. ಹಿಂದಿನ ಸೀಟಿನಿಂದ ಅಮ್ಮ, "ಡಾಕ್ಟ್ರ ಮುಂದೆ ಮಾವ ಗೀವ ಅನ್ಬೇಡ ಕಣೆ. ರೀ ಅನ್ನು," ಎಂದಳು.

"ಹುಟ್ಟಿದಾಗಿಂದ ಮಾವ ಅಂದ ಬಾಯಲ್ಲಿ ರೀ ಬರಲ್ಲಮ್ಮ."

"ಬರ್ಸ್ಕೋ."

"ಅಕ್ಕ, ಸುಮ್ನಿರು. ಗೌರಿ, ನೀನು ಆ ಕಿಟಕಿ ಮುರೀಬೇಡ," ಎಂದ ಮಾವ.

ಡಾಕ್ಟರ್ ಸ್ನೇಹಲತಾ ನನಗಿಂತ ಚಿಕ್ಕವರು, ಮಾತು ಮೆತ್ತಗೆ. ರಿಪೋರ್ಟನ್ನು ನಮ್ಮ ಕಡೆ ತಿರುಗಿಸಿ ಇಟ್ಟರು. "ನೋಡಿ ಶ್ರೀಗೌರಿ, ಹದಿಮೂರು ಹದಿನಾಲ್ಕು ಅಂಟಿಕೊಂಡಿರೋದು ನಿಮ್ಮಲ್ಲಿ ಒಂದಿದೆ. ಮಗೂನಲ್ಲಿ ಅಂಥದ್ದು ಎರಡಿದೆ. ಬಿಡಿ ಹದಿಮೂರೂ ಇಲ್ಲ, ಬಿಡಿ ಹದಿನಾಲ್ಕೂ ಇಲ್ಲ. ಅದಕ್ಕೇ ನಲವತ್ತನಾಲ್ಕು."

"ಅಂದ್ರೆ ಯಾವುದೂ ಕಳೆದುಹೋಗಿಲ್ಲ?"

"ಇಲ್ಲ. ಸ್ಕ್ಯಾನೂ ಚೆನ್ನಾಗಿದೆ. ಆದ್ರೆ ಎರಡನೇದು ಎಲ್ಲಿಂದ ಬಂತು ಅನ್ನೋದೇ ಪ್ರಶ್ನೆ. ಸಾವಿರ ಜನರಲ್ಲಿ ಒಬ್ಬರಿಗೆ ಇರುತ್ತೆ ಇದು. ನಿಮ್ಮ ಯಜಮಾನ್ರು ಹೊರಗಿನವರು, ಅವರಿಗೂ ಇದೇ ಇದೆ ಅಂದ್ಕೊಳ್ಳೋದು ಕಷ್ಟ. ನಿಮ್ಮಲ್ಲಿರೋ ಒಂದೇ ಎರಡು ಪ್ರತಿಯಾಗಿ ಬಂದು, ಅವರದು ಬಂದೇ ಇಲ್ವೇನೋ ಅಂತ ನನ್ನ ಭಯ. ಹದಿನಾಲ್ಕನೇದು ತಂದೆಯಿಂದ ಒಂದು, ತಾಯಿಯಿಂದ ಒಂದು ಬರ್ಲೇಬೇಕು. ಎರಡೂ ತಾಯಿದೇ ಆದ್ರೆ ಮಗು ಸರಿಯಾಗಿ ಬೆಳೆಯಲ್ಲ."

ಅದನ್ನು ಖಚಿತ ಮಾಡುವ ಪರೀಕ್ಷೆ ಇದೆ, ಆದರೆ ಅದರ ರಿಪೋರ್ಟು ಬರುವಷ್ಟರಲ್ಲಿ, ಬೇಡವೆಂದರೆ ತೆಗೆಸಲು ಕಾನೂನು ಕೊಟ್ಟ ಗಡುವು ಮುಗಿಯುತ್ತಾ ಬಂದಿರುತ್ತದೆ ಎಂದರು. ಕಾಯುವುದೋ ಬೇಡವೋ ಹೊರಗೆ ಕೂತು ಮಾತಾಡಿಕೊಂಡು ಬನ್ನಿ ಎಂದರು. ಆಮೇಲೆ ಅಮ್ಮನ ಕಡೆ ನೋಡಿ, "ಇನ್ನೊಂದು ಸಲ ಕೇಳ್ತೀನಿ, ಸಂಬಂಧದಲ್ಲಿ ಆದ ಮದುವೆ ಅಲ್ಲ ತಾನೇ?"

"ಅಲ್ಲ," ಎಂದಳು ಅಮ್ಮ. ನನ್ನ ಮಣಿಕಟ್ಟು ಅವಳ ಹಿಡಿಯಲ್ಲಿತ್ತು.

ಹೊರಗೆ ಸಾಲಾಗಿ ಕಬ್ಬಿಣದ ಕುರ್ಚಿಗಳು. ನಾನು ಕೂರಲಿಲ್ಲ. ಆ ಕಡೆಯಿಂದ ಈ ಕಡೆಗೆ ಓಡಾಡಿದೆ. ಮಾವ ತಲೆ ತಗ್ಗಿಸಿ ಕೂತಿದ್ದವನು, "ಸಾಕು ಗೌರಿ. ನಿನ್ನ ಮೈ ಇನ್ನು ತಡೆಯಲ್ಲ. ಬಿಟ್ಟುಬಿಡೋಣ," ಎಂದ.

"ಯಾವುದನ್ನ ಬಿಡೋದು? ಕೈಯಿಟ್ಟು ನೋಡು, ಒದೀತಿದೆ. ಇದಕ್ಕೆ ನೀನು ಹೇಳ್ತೀಯಾ ಸಾಕು ಅಂತ?" ನನ್ನ ದನಿಗೆ ಪಕ್ಕದವರು ತಿರುಗಿದರು. ತಿರುಗಲಿ ಎಂದುಕೊಂಡೆ. ಅವನ ಕೈ ಎಳೆದು ಹೊಟ್ಟೆಯ ಮೇಲೆ ಇಟ್ಟೆ. ಅವನ ಉದ್ದನೆಯ ಬೆರಳುಗಳು, ಅಮ್ಮನ ಬೆರಳಿನ ಥರವೇ, ನನ್ನ ಬೆರಳಿನ ಥರವೇ, ಕಿರುಬೆರಳು ಸ್ವಲ್ಪ ಒಳಕ್ಕೆ ಬಾಗಿದ್ದು. ಅಜ್ಜಿಯದೂ ಹಾಗೇ ಇತ್ತು. ಆಗ ಹೊಳೆಯಿತು ನೋಡಿ, ಬಯಾಲಜಿ ಮೇಡಮ್ಮಿಗೆ.

"ಮಾವ, ನನಗೆ ಇದು ಎಲ್ಲಿಂದ ಬಂತು? ಅಪ್ಪನ ಕಡೆ ಒಬ್ಬರಿಗೂ ಕೂಸು ಹೋಗಿಲ್ಲ. ಅಮ್ಮನಿಂದ ಬಂತು. ಅಮ್ಮನಿಗೆ ಅಜ್ಜಿಯಿಂದ. ಆ ಅಜ್ಜಿಗೆ ಇನ್ನೊಂದು ಮಗು ಇದೆಯಲ್ಲ, ಅದಕ್ಕೂ ಬಂದಿರಬಹುದಲ್ವಾ?"

"ಅದು ಯಾರು?" ಎಂದ ಮಾವ. ಎರಡು ಕ್ಷಣ ಬಿಟ್ಟು ತನ್ನ ಎದೆ ಮುಟ್ಟಿಕೊಂಡ.

"ಎರಡನೇದು ನಿಂದು. ಡಾಕ್ಟ್ರು ನಿನ್ನನ್ನ ಹೊರಗಿನವನು ಅಂದ್ಕೊಂಡು ಹೆದರಿಸ್ತಿದ್ದಾರೆ. ಅಮ್ಮಾ, ಏಳು, ಹೋಗಿ ನಿಜ ಹೇಳೋಣ."

ಅಮ್ಮ ಏಳಲಿಲ್ಲ. "ಈಗಷ್ಟೇ ಅಲ್ಲ ಅಂದು ಬಂದಿದೀನಿ. ಮತ್ತೆ ಆ ಬೈಗುಳ ಬೇಕಾ?"

"ಬೈಸ್ಕೋತೀನಿ. ನನಗೇನು."

"ನಿನ್ನನ್ನಲ್ಲ ಕಣೆ ಬೈಯೋದು," ಎಂದಳು ಅಮ್ಮ. "ನೀನು ಚಿಕ್ಕೋಳು, ಇವನಿಗೆ ಮಾತು ಬರಲ್ಲ. ತಂದು ಕಟ್ಟಿದ್ದು ನಾನು. ನಿನಗೆ ಒಂದೊಂದು ಸಲ ಹೋದಾಗ್ಲೂ ಆ ಮಾತು ನನಗೆ ಕೇಳಿಸುತ್ತೆ. ಈಗ ಕಾಯಿಲೆನೂ ನಮ್ಮಮ್ಮಂದು, ನಂದು ಅಂತ ಹೇಳು. ಹೇಳಿ ಮುಗಿಸು."

ನನಗೆ ಕೋಪ ಇಳಿದು ಅಳು ಬಂತು. ಅಮ್ಮನನ್ನು ಜರಿಯಲು ವರ್ಷಗಳಿಂದ ಮಾತು ಕೂಡಿಟ್ಟಿದ್ದೆ, ಅದನ್ನೆಲ್ಲ ಅಲ್ಲೇ ಬಿಟ್ಟೆ. ಅವಳ ಪಕ್ಕದಲ್ಲಿ ಕೂತೆ, ಅಷ್ಟೇ. ಸ್ವಲ್ಪ ಹೊತ್ತಿಗೆ ಅಮ್ಮ ಎದ್ದಳು, ಸೆರಗು ಸರಿಮಾಡಿಕೊಂಡಳು, ಒಳಗಿದ್ದ ಬೇರೆ ಪೇಷಂಟು ಹೊರಬರುವುದನ್ನೂ ಕಾಯದೆ ಬಾಗಿಲು ತಳ್ಳಿದಳು. ನಾವಿಬ್ಬರೂ ಹಿಂದೆ ಓಡಿದೆವು.

"ಡಾಕ್ಟ್ರೆ, ಇವನು ನನ್ನ ತಮ್ಮ, ಇವಳು ನನ್ನ ಮಗಳು," ಎಂದಳು ನಿಂತಲ್ಲೇ. "ಸುಳ್ಳು ಹೇಳ್ದೆ. ಏನು ಬೈಯೋದಿದ್ರೂ ನನಗೆ ಬೈರಿ."

ಡಾಕ್ಟರ್ ಪೆನ್ನು ಕೆಳಗಿಟ್ಟರು. "ಸ್ವಂತ ತಮ್ಮನಾ?"

"ಒಂದೇ ಹೊಟ್ಟೆ."

ಅಮ್ಮ ಕಣ್ಣು ಮುಚ್ಚಿಕೊಂಡು ಬೈಗುಳಕ್ಕೆ ಕಾದಳು. ಅದು ಬರಲಿಲ್ಲ. ಡಾಕ್ಟರು ಎದ್ದು ಬಂದು ಅವಳನ್ನು ಕುರ್ಚಿಯಲ್ಲಿ ಕೂರಿಸಿದರು. "ಅಮ್ಮಾ, ಇದನ್ನ ಮೊದಲನೇ ದಿನವೇ ಹೇಳಬಾರದಿತ್ತಾ? ಒಂದೇ ಮನೆ ಅಂದ್ಮೇಲೆ ಇವರಿಗೂ ಅದೇ ಇರೋ ಸಾಧ್ಯತೆ ಅರ್ಧಕ್ಕರ್ಧ. ಇವರಿಂದ ಒಂದು, ಅವರಿಂದ ಒಂದು ಬಂದಿದ್ರೆ ಈ ಮಗೂಗೆ ಏನೂ ಆಗಲ್ಲ. ಸಂಬಂಧ ಆಗಿದ್ದಕ್ಕೆ ನಿಮಗೆ ಇಷ್ಟು ಕಷ್ಟ ಬಂದಿದ್ದು ನಿಜ. ಆದ್ರೆ ಇವತ್ತು ಅದೇ ಒಳ್ಳೆ ಸುದ್ದಿ."

ಮಾವ ತಾನಾಗಿ ಅಂಗಿಯ ತೋಳು ಮಡಚಿದ. ಸೂಜಿ ಚುಚ್ಚುವಾಗ ಮುಖ ಆ ಕಡೆ ತಿರುಗಿಸಿ ನನ್ನ ಕೈ ಎಷ್ಟು ಗಟ್ಟಿಯಾಗಿ ಹಿಡಿದನೆಂದರೆ ಬಳೆ ಒತ್ತಿ ಗುರುತಾಯಿತು. ನರ್ಸಿನ ಮುಂದೆಯೇ ನಾನು "ಆಯ್ತು ಮಾವ, ಮುಗೀತು" ಎಂದೆ. ಈ ಸಲ ಅಮ್ಮ ನನ್ನನ್ನು ತಿದ್ದಲಿಲ್ಲ.

ರಕ್ತದ ರಿಪೋರ್ಟು ಬರುವವರೆಗಿನ ದಿನಗಳನ್ನು ಹೇಗೆ ಕಳೆದೆನೋ ನನಗೇ ತಿಳಿಯದು. ಅರ್ಧಕ್ಕರ್ಧ ಎಂದರೆ ಇನ್ನರ್ಧವೂ ಇದೆಯಲ್ಲ. ಕಪಾಟಿನ ಸೀರೆಗಳನ್ನು ತೆಗೆದು ಮಡಚಿದೆ, ಮಡಚಿದ್ದನ್ನು ಮತ್ತೆ ತೆಗೆದೆ. ಕಾಲೇಜಿನಲ್ಲಿ ಹುಡುಗರ ರೆಕಾರ್ಡುಗಳನ್ನು ತಪ್ಪಿಲ್ಲದಿದ್ದರೂ ವಾಪಸು ಎಸೆದೆ. ಸಿಂಧುವನ್ನು ಕರೆದು ಅವಳ ಪ್ರಶ್ನೆಗೆ ಪೂರ್ತಿ ಉತ್ತರ ಹೇಳಿದೆ, ಅವಳು ಹೆದರಿಕೊಂಡೇ ಬರೆದುಕೊಂಡಳು. ಕೂಸು ಒದ್ದರೆ ಯಾಕೆ ಒದೆಯುತ್ತಿದೆ ಎಂದು ಗಾಬರಿ, ಒದೆಯದಿದ್ದರೆ ಯಾಕೆ ಸುಮ್ಮನಿದೆ ಎಂದು ಗಾಬರಿ.

ಹಳೇಕೋಟೆಯಿಂದ ಹಾಲು ತರುವ ಲಕ್ಕಮ್ಮ ಒಂದು ಬೆಳಿಗ್ಗೆ ಮಾವನನ್ನು ಹಿಡಿದು ನಿಲ್ಲಿಸಿ, "ಏನ್ ಸಾ, ಮನೇಲಿ ಯಾರೂ ಮಾತಾಡ್ತಿಲ್ಲ? ಗೌರಮ್ಮಾರು ಚೆನ್ನಾಗವ್ರಾ?" ಎಂದು ಕೇಳಿದಳು. ಮಾವ ಎಂದೂ ಹೆಚ್ಚು ಮಾತಾಡುವವನಲ್ಲ. ಅವತ್ತು ಯಾಕೋ ಬಾಗಿಲ ಮೆಟ್ಟಿಲ ಮೇಲೆ ಕೂತುಕೊಂಡ.

"ಲಕ್ಕಮ್ಮ, ನಿಮ್ಮ ಹೊಲ ಎರಡು ಸರ್ವೆ ನಂಬರಲ್ಲಿ ಇದೆ ಅಂದ್ಕೋ. ಎರಡನ್ನೂ ಸೇರಿಸಿ ಒಂದೇ ನಂಬರ್ ಮಾಡಿಕೊಟ್ಟೆ. ಪಹಣಿ ಒಂದು ಕಮ್ಮಿ ಆಯ್ತು. ಜಮೀನು ಕಮ್ಮಿ ಆಗುತ್ತಾ?"

"ಜಮೀನೆಲ್ಲಿಗೆ ಓಗ್ತದೆ ಸಾ? ಅಂಗೇ ಇರ್ತದೆ."

"ನಮ್ಮ ಕೂಸೂ ಹಂಗೇ ಇರಬಹುದು ಅಂತಿದಾರೆ. ನಂಬರ್ ಮಾತ್ರ ಕಮ್ಮಿ."

"ಅಂಗಾರೆ ಅದ್ಕ್ಯಾಕೆ ಇಷ್ಟೊಂದು ಮೊಕ ಸಣ್ಣ ಮಾಡ್ಕೊಂಡಿದೀರಿ," ಎಂದು ಲಕ್ಕಮ್ಮ ಹಾಲಳೆದು ಹೋದಳು. ಒಳಗೆ ಕೇಳಿಸಿಕೊಳ್ಳುತ್ತಿದ್ದ ನನಗೆ, ಇವನೂ ಇಷ್ಟು ದಿನ ಇದನ್ನೇ ಯೋಚಿಸುತ್ತಿದ್ದನೆಂದು ಆಗ ಗೊತ್ತಾಯಿತು. ನಾನೊಬ್ಬಳೇ ಚಡಪಡಿಸುತ್ತಿದ್ದೇನೆ ಎಂದುಕೊಂಡಿದ್ದೆ.

ರಿಪೋರ್ಟು ಬಂದ ದಿನ ಮಾವ ಅರಕಲಗೂಡಿನ ಹತ್ತಿರ ಯಾರದೋ ಹೊಲದಲ್ಲಿ ಅಳತೆಗೆ ನಿಂತಿದ್ದ. ಡಾಕ್ಟರು ನನಗೆ ಫೋನು ಮಾಡಿದರು, ನಾನು ಅವನಿಗೆ ಮಾಡಿದೆ.

"ಮಾವ, ನಿಂದೂ ನಲವತ್ತೈದು."

ಆ ಕಡೆ ಬರೀ ಗಾಳಿ. ಆಮೇಲೆ ಅವನು ಯಾರಿಗೋ "ಸ್ವಲ್ಪ ಇರ್ರಪ್ಪ" ಎನ್ನುವುದು ಕೇಳಿಸಿತು. ಅದರ ಹಿಂದೆಯೇ ಅವನು ಅಳುವುದು ಕೇಳಿಸಿತು. ಅಣ್ಣತಮ್ಮಂದಿರು ಪಾಲಿಗೆ ಜಗಳ ಆಡುತ್ತಿದ್ದ ಹೊಲದ ನಡುವೆ ಸರ್ವೆಯರೇ ಅಳುತ್ತಾ ನಿಂತರೆ ಅವರೇನು ತಿಳಿದುಕೊಂಡರೋ.

ಡಾಕ್ಟರು ಹೇಳಿದ್ದ ಆ ಖಚಿತ ಮಾಡುವ ಪರೀಕ್ಷೆಯೂ ಅದನ್ನೇ ಹೇಳಿತು: ನನ್ನಿಂದ ಒಂದು, ಅವನಿಂದ ಒಂದು. ಅದನ್ನು ಕೇಳಲು ಮತ್ತೆ ಹಾಸನಕ್ಕೆ ಹೋದಾಗ ಡಾಕ್ಟರು ಇನ್ನೊಂದು ಮಾತು ಹೇಳಿದರು. "ನಿಮ್ಮ ಪಾಡು ಈ ಮಗೂಗೆ ಇರಲ್ಲ. ನಿಮ್ಮಲ್ಲಿ ಅಂಟಿದ್ದಕ್ಕೆ ಜೋಡಿ ಇರಲಿಲ್ಲ, ಅದಕ್ಕೇ ಪಾಲು ಮಾಡುವಾಗ ತಪ್ತಿತ್ತು. ಇದರಲ್ಲಿ ಅಂಟಿದ್ದಕ್ಕೆ ಅಂಟಿದ್ದೇ ಜೋಡಿ. ಇಪ್ಪತ್ತೆರಡು, ಇಪ್ಪತ್ತೆರಡು, ಸಲೀಸಾಗಿ ಪಾಲಾಗುತ್ತೆ. ಮುಂದೆ ಸಂಬಂಧದಲ್ಲಿ ಮಾತ್ರ ಕೊಡಬೇಡಿ, ತರಬೇಡಿ."

ಅಮ್ಮ ಕೇಳಿದಳು, "ಹಂಗಾದ್ರೆ ನನ್ನವೂ, ನಮ್ಮಮ್ಮನವೂ ಹೋಗಿದ್ದು ಇದಕ್ಕೇನಾ? ನಾವು ಏನೂ ತಪ್ಪು ಮಾಡಿರಲಿಲ್ವಾ?"

"ಏನೂ ಮಾಡಿರಲಿಲ್ಲಮ್ಮ. ಪಾಲು ತಪ್ಪಿತು, ಅಷ್ಟೇ."

"ನಮ್ಮಮ್ಮ ಸಾಯೋವರೆಗೂ ಷಷ್ಠಿ ಉಪವಾಸ ಬಿಡಲಿಲ್ಲ. ಹಾವಿನ ಶಾಪ ಅಂದಿದ್ರು," ಎಂದಳು ಅಮ್ಮ. ಕಾರಿನಲ್ಲಿ ವಾಪಸು ಬರುವಾಗ ಹಿಂದಿನ ಸೀಟಿನಲ್ಲಿ ಒಬ್ಬಳೇ, ಶಬ್ದ ಮಾಡದೆ ಅತ್ತಳು. ನಾವು ತಿರುಗಿ ನೋಡಲಿಲ್ಲ.

ಏಳನೇ ತಿಂಗಳಿಗೆ ಸೀಮಂತ. ಹೊಳೆನರಸೀಪುರದ ಮನೆ ತುಂಬ ಜನ. ನನ್ನನ್ನು ಹಸಿರು ಸೀರೆ ಉಡಿಸಿ ಮಣೆಯ ಮೇಲೆ ಕೂರಿಸಿದ್ದರು. ಅಪ್ಪನೇ ಬಂದು ಹೋಮ ಮಾಡಿಸಿದರು. ಇನ್ನು ಆರತಿ ಎನ್ನುವಾಗ ಅಪ್ಪನ ತಂಗಿ, ನಾಲ್ಕು ಮಕ್ಕಳ ತಾಯಿ, ಯಾವ ಸೀಮಂತಕ್ಕೂ ಮೊದಲ ಆರತಿ ಎತ್ತುವವರು, ತಟ್ಟೆ ಹಿಡಿದು ಎದ್ದರು. ನಾನು ಸುತ್ತ ನೋಡಿದೆ. ಅಮ್ಮ ಇರಲಿಲ್ಲ.

"ಅತ್ತೆ, ಒಂದು ನಿಮಿಷ. ಅಮ್ಮ ಬರಲಿ."

"ಕಾವೇರಿ ಪಾಯಸದ ಹತ್ರ ಇದ್ದಾಳಮ್ಮ. ಅವಳು ಬರಲ್ಲ, ನಿನಗೆ ಗೊತ್ತಲ್ಲ."

"ಅವಳು ಬರೋ ತನಕ ನನಗೆ ಯಾರೂ ಆರತಿ ಎತ್ತಬೇಡಿ," ಎಂದೆ. ದನಿ ಜೋರಾಗಿತ್ತು, ಅದು ನನ್ನ ಹುಟ್ಟುಗುಣ. ಅಪ್ಪ ಹೋಮಕುಂಡದತ್ತ ಮುಖ ಮಾಡಿದರು. ಬಾಗಿಲ ಹತ್ತಿರ ಕೂತಿದ್ದ ಲಕ್ಕಮ್ಮ ಮಾತ್ರ, "ಎತ್ತ ತಾಯಿ ಇರೋವಾಗ ಇನ್ಯಾರವ್ವ ಮೊದ್ಲು ಮಾಡೋದು, ಗೌರಮ್ಮಾರು ಸರಿಯಾಗೇ ಏಳ್ತಾವ್ರೆ ಬುಡಿ," ಎಂದಳು.

ಅಡುಗೆಮನೆಯ ಬಾಗಿಲಲ್ಲಿ ಅಮ್ಮ ಕಾಣಿಸಿಕೊಂಡಳು. ಕೈಯಲ್ಲಿ ಸೌಟು. "ಸುಮ್ನಿರೆ ಗೌರಿ. ಪಾಯಸ ತಳ ಹತ್ತುತ್ತೆ."

"ಹತ್ತಲಿ."

ಅಮ್ಮ ಅಲ್ಲೇ ನಿಂತಳು. ಮಾವ ಹೋಗಿ ಅವಳ ಕೈಯಿಂದ ಸೌಟು ತೆಗೆದುಕೊಂಡ. "ಹೋಗಕ್ಕ," ಎಂದ ಮೆಲ್ಲಗೆ. ಅಮ್ಮ ಸೆರಗಿಗೆ ಕೈ ಒರೆಸಿಕೊಂಡಳು, ಮತ್ತೆ ಒರೆಸಿಕೊಂಡಳು, ಹಜಾರಕ್ಕೆ ಕಾಲಿಟ್ಟಳು. ಅತ್ತೆ ತಟ್ಟೆಯನ್ನು ಅವಳ ಕೈಗೆ ಕೊಟ್ಟರು. ಆರತಿಯ ನೀರು ತುಳುಕಿತು. ಹೊಟ್ಟೆಯೊಳಗೆ ಕೂಸು ಜೋರಾಗಿ ಒದ್ದಿತು, ಹುಟ್ಟುವ ತನಕ ನನಗೆ ನೆಮ್ಮದಿಯಿಲ್ಲ ಎಂದು ಅದಕ್ಕೂ ಗೊತ್ತು. ಅಮ್ಮ ನನ್ನ ಮುಖ ನೋಡಲಾರದೆ ಹೊಟ್ಟೆಯನ್ನೇ ನೋಡುತ್ತಾ ಆರತಿ ಎತ್ತಿದಳು.

ಪಾಯಸ ತಳ ಹತ್ತಿತ್ತು. ಮಾವ ಸೌಟು ಹಿಡಿದು ನಮ್ಮನ್ನೇ ನೋಡುತ್ತಾ ನಿಂತುಬಿಟ್ಟಿದ್ದ. ಎಲ್ಲರೂ ಅದನ್ನೇ ಉಂಡರು, ಅಮ್ಮ ಎರಡು ಸಲ ಹಾಕಿಸಿಕೊಂಡಳು.